ಇನ್ನೂ ದಪ್ಪ ರಬ್ಬರ್ ಹಾಕಬೇಡಿ ಮಾರಾಯ್ರೆ

ನಿಮ್ಮ ಪೆನ್ನಿಪ್ಲೇನ್ (ಸುತ್ತಿದ ರಬ್ಬರಿನ ಬಲದಿಂದ ಒಳಾಂಗಣದಲ್ಲಿ ಹಾರುವ ಹಗುರ ಮಾದರಿ ವಿಮಾನ) ಕೈಬಿಟ್ಟ ಕೂಡಲೇ ಮೂಗೆತ್ತಿ ಮೇಲೆ ಹೋಗಿ, ಅಲ್ಲೇ ನಿಂತು ಬೀಳುತ್ತದೆ, ಅದಕ್ಕೇ 1/8 ಇಂಚು ಅಗಲದ ರಬ್ಬರ್ ತೆಗೆದು 3/16 ಇಂಚಿನದ್ದು ಹಾಕುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಶಕ್ತಿ ಸಾಲದಿದ್ದರೆ ಅದು ಹಾಗೆ ಮೂಗೆತ್ತುವುದೇ ಇಲ್ಲ. ಈಗಲೇ ಜಾಸ್ತಿ ಆಗಿದೆ. ಹೊಸಬರೆಲ್ಲ ಎಡವುವುದು ಇಲ್ಲೇ.

ಉದ್ದ ಅಷ್ಟೇ ಇಟ್ಟು ರಬ್ಬರ್ ಎರಡು ಪಟ್ಟು ಅಗಲ ಮಾಡಿದರೆ ಟಾರ್ಕ್ (ತಿರುಚುವ ಬಲ) ಸುಮಾರು 2.8 ಪಟ್ಟು ಏರುತ್ತದೆ. ಹಿಡಿಯುವ ಸುತ್ತು ಮಾತ್ರ ಶೇಕಡಾ 70ಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದು ಸುತ್ತು ಅಲ್ವಾ? 3.1 ಗ್ರಾಂ ವಿಮಾನಕ್ಕೆ 0.09 ಇಂಚು ಅಗಲದ ಆಸುಪಾಸು, 15-16 ಇಂಚಿನ ಲೂಪ್‌ನಿಂದ ಶುರು ಮಾಡಿ. ರಬ್ಬರ್ ಅಂದರೆ ಟ್ಯಾನ್ ಸೂಪರ್ ಸ್ಪೋರ್ಟ್, ಮಾದರಿ ವಿಮಾನಕ್ಕೆಂದೇ ಬರುವ ರಬ್ಬರ್ ಪಟ್ಟಿ. ಸ್ಟೇಷನರಿ ಅಂಗಡಿಯ ರಬ್ಬರ್ ಬ್ಯಾಂಡ್ ಗಂಟು ಹಾಕಿ ಉದ್ದ ಮಾಡುವುದು ಸುಮ್ನೆ ಸಮಯ ಹಾಳು. ಬೆಳ್ತಂಗಡಿ ಕಡೆಯ ತೋಟದಿಂದ ಶೀಟ್ ತಂದು ಸೀಳಿದರೆ ಆಗುತ್ತದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆಗುವುದಿಲ್ಲ. ಅದು ವಲ್ಕನೈಸ್ ಆಗದ ಹಸಿ ರಬ್ಬರ್, ಎಳೆದರೆ ಸರಿಯಾಗಿ ವಾಪಸ್ ಬರುವುದಿಲ್ಲ.

ಇನ್ನು ಸುತ್ತುವ ರೀತಿ. ಅರ್ಧ ಆಟ ಇರುವುದೇ ಇದರಲ್ಲಿ. ವಿಮಾನದ ಮೇಲೆ ಸುತ್ತಲೇಬೇಡಿ, ರಬ್ಬರ್ ತುಂಡಾದರೆ ಅದನ್ನು ಹೊತ್ತ ಕಡ್ಡಿ, ಅಂದರೆ ಮೋಟಾರ್ ಸ್ಟಿಕ್, ಪುಡಿ. ಬಾಗಿಲ ಚೌಕಟ್ಟಿನ ಕೊಕ್ಕೆಗೆ ರಬ್ಬರಿನ ಒಂದು ತುದಿ ಸಿಕ್ಕಿಸಿ. ಸಿಲಿಕೋನ್ ಎಣ್ಣೆ ಸವರಿ, ಸಿಗದಿದ್ದರೆ ಹರಳೆಣ್ಣೆ. ನಮ್ಮವರ ಕೈ ಮೊದಲು ತೆಂಗಿನೆಣ್ಣೆಗೇ ಹೋಗುತ್ತದೆ, ಅದು ರಬ್ಬರಿಗೆ ಆಗದು. ಹಿಂದೆ ನಡೆದು ಐದು ಪಟ್ಟು ಎಳೆಯಿರಿ. ಅಷ್ಟು ಎಳೆದೇ ಒಟ್ಟು ಸುತ್ತಿನ ಅರ್ಧದಷ್ಟು ಹಾಕಿ. ಆಮೇಲೆ ಸುತ್ತುತ್ತಾ ಒಂದೊಂದೇ ಹೆಜ್ಜೆ ಮುಂದೆ ಬನ್ನಿ. ಗಂಟುಗಳು ಉದ್ದಕ್ಕೂ ಸಣ್ಣಗೆ, ಒಂದೇ ಸಮನೆ ಕೂರಬೇಕು. ಒಂದು ಕಡೆ ಮಾತ್ರ ಉಂಡೆ ಕಟ್ಟಿದರೆ ನೀವು ಬೇಗ ಮುಂದೆ ಬಂದಿದ್ದೀರಿ ಅಂತ ಅರ್ಥ. ಸುತ್ತಲು ಹ್ಯಾಂಡ್ ಡ್ರಿಲ್ ಸಾಕು, ಹಿಡಿ ಒಂದು ಸುತ್ತು ಬಂದಾಗ ಚಕ್ ಎಷ್ಟು ತಿರುಗುತ್ತದೆ ಅಂತ ಮೊದಲೇ ಎಣಿಸಿಟ್ಟುಕೊಳ್ಳಿ.

ಪೂರ್ತಿ ಸುತ್ತಿದ ಮೇಲೆ ಕೆಲವು ಸುತ್ತು ಬಿಚ್ಚಿ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಕಷ್ಟಪಟ್ಟು ಹಾಕಿದ ಸುತ್ತು ಬಿಚ್ಚಲು ಮನಸ್ಸು ಬರುವುದಿಲ್ಲ. ಆದರೆ ನಿಮ್ಮ ವಿಮಾನದ ಮೂಗೆತ್ತಿಸುವುದು ಶುರುವಿನ ಆ ಟಾರ್ಕೇ. ಟಾರ್ಕ್ ಮೀಟರ್ ಇದ್ದರೆ ಯಾವ ಅಂಕಿಯಲ್ಲಿ ಬಿಟ್ಟಾಗ ಮಾಡಿಗೆ ತಾಗದೆ ಹಾರಿತು ಅಂತ ಬರೆದಿಡಿ. ಉಡುಪಿಯ ಅಜ್ಜರಕಾಡಿನ ಒಳಾಂಗಣ ಕ್ರೀಡಾಂಗಣಕ್ಕೆ ಹೊಂದುವ ಅಂಕಿ ಶಾಲೆಯ ಹಾಲ್‌ಗೆ ಹೊಂದುವುದಿಲ್ಲ.

ಇಷ್ಟಾದ ಮೇಲೂ ಮೂಗೆತ್ತಿದರೆ ರೆಕ್ಕೆಯ ಮುಂದಿನ ಕಂಬವನ್ನು ಅರ್ಧ ಮಿಲಿಮೀಟರ್ ಕೆಳಗಿಳಿಸಿ ನೋಡಿ. ಮೂಗಿಗೆ ಜೇಡಿ ಅಂಟಿಸಬೇಡಿ! ಎಡಕ್ಕೆ ಸುತ್ತುವ ವಿಮಾನ ಶುರುವಿನಲ್ಲೇ ಎಡಕ್ಕೆ ವಾಲಿ ಜಾರಿದರೆ ಎಡ ರೆಕ್ಕೆಗೆ ಸ್ವಲ್ಪ ವಾಶ್‌ಇನ್ ಕೊಡಿ, ಅಂದರೆ ತುದಿಯ ಮುಂದಿನ ಅಂಚು ಮೇಲೆ ಬರುವಂತೆ ತಿರುಚಿ.

ನೀವು ಹಾಕಿದ ಫೋಟೋದಲ್ಲಿ ಪ್ರತಿ ಕೀಲಿನಲ್ಲೂ ಫೆವಿಕ್ವಿಕ್ ಹೊಳೆಯುತ್ತಿದೆ. ಒಳ್ಳೆಯ ಅಂಟೇ, ಈ ಕೆಲಸಕ್ಕಲ್ಲ. ಗಟ್ಟಿಯಾಗಿ ಕೂರುತ್ತದೆ, ಬಿಡಿಸಿ ಕೋನ ತಿದ್ದಲು ಬರುವುದಿಲ್ಲ. ಸೆಲ್ಯುಲೋಸ್ ಸಿಮೆಂಟಿಗೆ (ಮಾದರಿ ಕಟ್ಟುವವರ ಅಂಟು) ಅಸಿಟೋನ್ ಬೆರೆಸಿ ತೆಳ್ಳಗೆ ಮಾಡಿ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಮುಟ್ಟಿಸಿ. ಬೇಡ ಅಂದರೆ ಮತ್ತೆ ಅಸಿಟೋನ್ ತಾಗಿಸಿದರೆ ಬಿಡುತ್ತದೆ. ಚಿನ್ನ ತೂಗುವಂಥ 0.01 ಗ್ರಾಂ ತಕ್ಕಡಿ ಇಲ್ಲದೆ ಮುಂದಿನದ್ದು ಕಟ್ಟಲೇಬೇಡಿ.

ನಮ್ಮ ಕರಾವಳಿಯ ತೇವದ ವಿಷಯವೂ ಉಂಟು. ಮಳೆಗಾಲದಲ್ಲಿ ಬಾಲ್ಸಾ ಮರ ನೀರು ಹೀರಿ ಭಾರವಾಗುತ್ತದೆ, ರೆಕ್ಕೆಗೆ ಹೊದಿಸಿದ ಟಿಶ್ಯೂ ಕಾಗದ ಸಡಿಲ ಬೀಳುತ್ತದೆ. ಅದೇ ವಿಮಾನವನ್ನು ಎಸಿ ಹಾಲ್‌ಗೆ ಒಯ್ದರೆ ಟಿಶ್ಯೂ ಬಿಗಿದು ರೆಕ್ಕೆ ತಿರುಚುತ್ತದೆ. ಮರವನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ. ವಿಮಾನವನ್ನು ಹಾಲ್‌ನಲ್ಲಿ ಅರ್ಧ ಗಂಟೆ ಬಿಟ್ಟು ಆಮೇಲೆ ಟ್ರಿಮ್ ಮಾಡಿ, ಅಂದರೆ ನೇರ ಹಾರುವಂತೆ ಕೋನಗಳನ್ನು ತಿದ್ದಿ. ಫ್ಯಾನ್ ಆಫ್ ಮಾಡಿಸಿ, ಎಸಿ ಗಾಳಿ ಎತ್ತ ಬೀಸುತ್ತದೆ ಅಂತ ಟಿಶ್ಯೂ ಚೂರು ಹಿಡಿದು ನೋಡಿ.

ಉಳಿದ ರಬ್ಬರ್ ಬಿಸಿಲು ತಾಗದ ಡಬ್ಬದಲ್ಲಿರಲಿ. ಎಣ್ಣೆ ಸವರಿದ್ದನ್ನು ಸೋಪು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪೌಡರ್ ಹಚ್ಚಿಡಿ. 0.09 ಹಾಕಿ ಹಾರಿಸಿದ ಮೇಲೆ ಸುತ್ತು ಎಷ್ಟು, ಸಮಯ ಎಷ್ಟು ಅಂತ ಇಲ್ಲಿ ಬರೆಯಿರಿ, ಪ್ರೊಪೆಲ್ಲರ್ ಪಿಚ್ (ಅಲಗಿನ ಓರೆ) ಆಮೇಲೆ ನೋಡುವ.