ದಕ್ಕೆಗೆ ಇಳಿದ ಮೇಲೆ: ರಷ್ಯಾದ ನದಿಯಾನಕ್ಕೆ ಹೊರಟವರ ಪ್ರಶ್ನೆಗಳು

ಮಾಸ್ಕೋ–ಸೇಂಟ್ ಪೀಟರ್ಸ್‌ಬರ್ಗ್ ನಡುವಿನ ನದಿ ಕ್ರೂಸ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಡಗಿನ ಕುರಿತವಲ್ಲ. ಹಡಗಿನಿಂದ ಇಳಿದು ಗೈಡ್ ಹಿಂದೆ ಊರು ಸುತ್ತುವಾಗ ಏನು ಮಾಡಬೇಕು ಎಂದೇ ಓದುಗರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಹಡಗಿನಲ್ಲಿ ಬಂದವರಿಗೆ 72 ಗಂಟೆ ವೀಸಾ ಬೇಡ ಎಂದು ಓದಿದ್ದೇವೆ. ನಿಜವೇ? — ಓದುಗರು, ಹುಬ್ಬಳ್ಳಿ

ನಿಮಗೆ ಅದು ಅನ್ವಯಿಸುವುದಿಲ್ಲ. ಆ ರಿಯಾಯಿತಿ ವಿದೇಶಿ ಬಂದರಿನಿಂದ ಸಮುದ್ರಮಾರ್ಗವಾಗಿ ಬಂದು, ಅಧಿಕೃತ ಪ್ರವಾಸದ ಗುಂಪಿನಲ್ಲೇ ಊರು ನೋಡಿ ಮರಳುವವರಿಗೆ ಮಾಡಿದ್ದು. ನದಿ ಕ್ರೂಸಿಗೆ ನೀವು ವಿಮಾನದಲ್ಲಿ ಹೋಗುತ್ತೀರಿ, ವೀಸಾ ಬೇಕೇ ಬೇಕು. 2023ರ ಆಗಸ್ಟ್‌ನಿಂದ ಭಾರತೀಯರಿಗೆ ಇ-ವೀಸಾ ಸಿಗುತ್ತಿದೆ. ಹೆಸರು, ಇನಿಷಿಯಲ್ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ, ಒಂದು ಅಕ್ಷರ ತಪ್ಪಿದರೂ ಗಡಿಯಲ್ಲಿ ತೊಂದರೆ. ದಿನ ಎಣಿಸುವಾಗ ಇಳಿದ ದಿನವನ್ನೂ ಹೊರಡುವ ದಿನವನ್ನೂ ಪೂರ್ತಿ ದಿನಗಳೆಂದೇ ಲೆಕ್ಕ ಹಾಕಿ. ಹಡಗು ಹತ್ತಿದಾಗ ನೋಂದಣಿಗೆಂದು ಪಾಸ್‌ಪೋರ್ಟ್ ತೆಗೆದುಕೊಂಡರೆ ಗಾಬರಿ ಬೇಡ. ಊರು ಸುತ್ತುವಾಗ ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ಜೇಬಿನಲ್ಲಿರಲಿ.

ನಮ್ಮ ಹಡಗು ಪೀಟರ್ಸ್‌ಬರ್ಗ್‌ನಲ್ಲಿ ನಿಲ್ಲುವುದು ಸೋಮವಾರ ಮತ್ತು ಮಂಗಳವಾರ. ಹರ್ಮಿಟೇಜ್, ಪೀಟರ್‌ಹೋಫ್, ಕ್ಯಾಥರೀನ್ ಅರಮನೆ ಮೂರನ್ನೂ ನೋಡಬಹುದೇ? — ಓದುಗರು, ದಾವಣಗೆರೆ

ಹಣ ಕಟ್ಟುವ ಮುಂಚೆಯೇ ವಾರದ ರಜೆ ನೋಡಿಕೊಂಡಿದ್ದು ಒಳ್ಳೆಯದಾಯಿತು. ಹರ್ಮಿಟೇಜ್ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಪೀಟರ್‌ಹೋಫ್‌ನ ದೊಡ್ಡ ಅರಮನೆಗೂ ಸೋಮವಾರವೇ ರಜೆ, ಜೊತೆಗೆ ತಿಂಗಳ ಕೊನೆಯ ಮಂಗಳವಾರ. ಪುಷ್ಕಿನ್ ಪಟ್ಟಣದಲ್ಲಿರುವ ಕ್ಯಾಥರೀನ್ ಅರಮನೆಗೆ ಮಂಗಳವಾರ ಮತ್ತು ತಿಂಗಳ ಕೊನೆಯ ಸೋಮವಾರ. ಹಾಗಾಗಿ ಸೋಮವಾರ ಕ್ಯಾಥರೀನ್ ಅರಮನೆ, ಮಂಗಳವಾರ ಹರ್ಮಿಟೇಜ್. ನಿಮ್ಮದು ತಿಂಗಳ ಕೊನೆಯ ಸೋಮವಾರವಾದರೆ ಆ ದಿನ ಪೀಟರ್‌ಹೋಫ್‌ನ ಕೆಳಗಿನ ಉದ್ಯಾನಕ್ಕೆ ಹೋಗಿ.

ಪೀಟರ್‌ಹೋಫ್‌ನಲ್ಲಿ ಅರಮನೆಯ ಒಳಗನ್ನು ಬಿಟ್ಟರೂ ನಡೆದೀತು, ಕಾರಂಜಿಗಳನ್ನು ಬಿಡಬೇಡಿ ಎಂಬುದು ನಮ್ಮ ಅಭಿಪ್ರಾಯ. ಉದ್ಯಾನಕ್ಕೆ ಬೇರೆಯೇ ಟಿಕೆಟ್ ಇದೆ. ಕಾರಂಜಿಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಚಿಮ್ಮುತ್ತವೆ. ಬೆಳಿಗ್ಗೆ 11ಕ್ಕೆ ಸಂಗೀತದೊಂದಿಗೆ ಸ್ಯಾಮ್ಸನ್ ಕಾರಂಜಿ ಶುರುವಾಗುವಾಗ ಮೆಟ್ಟಿಲುಗಳ ಬಳಿ ಜಾಗ ಸಿಗಬೇಕಾದರೆ 10.30ಕ್ಕೆಲ್ಲ ಅಲ್ಲಿರಬೇಕು. ಅಷ್ಟು ನೀರು ಪಂಪಿಲ್ಲದೆ ಹರಿಯುತ್ತದೆ: ರೋಪ್ಶಾ ದಿಬ್ಬದ ಬುಗ್ಗೆಗಳಿಂದ 20 ಕಿ.ಮೀ.ಗೂ ಉದ್ದದ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಬರುತ್ತದೆ.

ಹರ್ಮಿಟೇಜ್‌ನಲ್ಲಿ ಗುಂಪಿನವರಿಗೆ ಸಾಮಾನ್ಯವಾಗಿ ಜೋರ್ಡಾನ್ ಮೆಟ್ಟಿಲು, ನವಿಲು ಗಡಿಯಾರ, ಲಿಯೊನಾರ್ಡೊನ ಎರಡು ಚಿತ್ರಗಳು, ರೆಂಬ್ರಾಂಟ್ ಕೋಣೆ ತೋರಿಸುತ್ತಾರೆ. ಮೊನೆ, ವ್ಯಾನ್ ಗೋ, ಮಟೀಸ್ ಚಿತ್ರಗಳಿರುವುದು ಹರ್ಮಿಟೇಜ್ ಮುಂದಿನ ಚೌಕದ ಎದುರು ಬದಿಯ ಜನರಲ್ ಸ್ಟಾಫ್ ಕಟ್ಟಡದಲ್ಲಿ. ಎಷ್ಟೋ ಜನ ಇದು ಗೊತ್ತಾಗದೆ ನೋಡದೆಯೇ ಮರಳುತ್ತಾರೆ. ಅಲ್ಲಿಗೆ ಹೋಗುವುದಿದ್ದರೆ ಬಸ್ಸಿನಲ್ಲೇ ಗೈಡ್‌ಗೆ ಹೇಳಿ, ಹಡಗಿಗೆ ನೀವೇ ಮರಳುವ ವ್ಯವಸ್ಥೆ ಮಾಡಿಕೊಳ್ಳಿ. ಬೆನ್ನಚೀಲ, ಕೋಟು, ಛತ್ರಿಗಳನ್ನು ‘ಗರ್ದೆರೋಬ್’ನಲ್ಲಿ ಬಿಡಬೇಕು. ಅಲ್ಲಿ ಸಾಲು ನಿಂತು ಇಪ್ಪತ್ತು ನಿಮಿಷ ಕಳೆಯುವ ಬದಲು ಚಿಕ್ಕ ಹೆಗಲಚೀಲ ಒಂದನ್ನೇ ಒಯ್ಯುವುದು ಮೇಲು.

ನಮ್ಮ ಕಾರ್ಡ್ ನಡೆಯುತ್ತದೆಯೇ? — ಓದುಗರು, ಬೆಂಗಳೂರು

ಇಲ್ಲ. 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಡಾಲರ್ ಅಥವಾ ಯೂರೋ ನಗದು ಒಯ್ಯಿರಿ. ನೋಟುಗಳು ಹೊಸ ಮಾದರಿಯವಾಗಿರಲಿ. ಹರಿದ, ಗೀಚಿದ, ಮುದ್ರೆ ಬಿದ್ದ ನೋಟುಗಳನ್ನು ಬ್ಯಾಂಕಿನವರು ತಿರಸ್ಕರಿಸುತ್ತಾರೆ. ವಿಮಾನ ನಿಲ್ದಾಣದಲ್ಲಿ ಮೊದಲ ದಿನಕ್ಕಾಗುವಷ್ಟು ಮಾತ್ರ ಬದಲಿಸಿ, ಉಳಿದದ್ದನ್ನು ಮಾಸ್ಕೋದ ಬ್ಯಾಂಕಿನಲ್ಲಿ ಬದಲಿಸಿ. ಅದಕ್ಕೆ ಮೂಲ ಪಾಸ್‌ಪೋರ್ಟ್ ಬೇಕು, ಆದ್ದರಿಂದ ಅದನ್ನು ಹಡಗಿನ ಕೈಗೆ ಕೊಡುವ ಮುಂಚೆಯೇ ಈ ಕೆಲಸ ಮುಗಿಸಿ. ದಾರಿಯ ಸಣ್ಣ ಊರುಗಳಲ್ಲಿ ಹಡಗು ಎರಡು ಮೂರು ಗಂಟೆಯಷ್ಟೇ ನಿಲ್ಲುತ್ತದೆ, ಬ್ಯಾಂಕ್ ಹುಡುಕಲು ಸಮಯವಿರದು. 50, 100 ರೂಬಲ್‌ನ ಚಿಲ್ಲರೆ ಶೌಚಾಲಯಕ್ಕೆ ಬೇಕಾಗುತ್ತದೆ. ಇಂಗ್ಲಿಷಿನ ‘ಕೆ’ಯನ್ನು ಬೆನ್ನಿಗೆ ಬೆನ್ನು ಹಚ್ಚಿದಂಥ ಅಕ್ಷರವಿದ್ದರೆ ಅದು ಹೆಂಗಸರದು.

ಶುದ್ಧ ಸಸ್ಯಾಹಾರಿಗಳು ಇಡೀ ದಿನದ ಟೂರಿನಲ್ಲಿ ಏನು ತಿನ್ನಬೇಕು? — ಓದುಗರು, ಉಡುಪಿ

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ಬಂದೀತು. ಬಿಡಿಸಿ ಹೇಳಿ: ‘ಬೆಜ್ ಮ್ಯಾಸ’ (ಮಾಂಸ ಬೇಡ), ‘ಬೆಜ್ ರಿಬಿ’ (ಮೀನು ಬೇಡ), ‘ಬೆಜ್ ಯೈತ್ಸ್’ (ಮೊಟ್ಟೆ ಬೇಡ). ಇದನ್ನು ರಷ್ಯನ್ ಲಿಪಿಯಲ್ಲಿ ಹಡಗಿನ ರಿಸೆಪ್ಷನ್‌ನವರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ನೋಡಲು ತರಕಾರಿಯಂತಿದ್ದು ಮೋಸವಾಗುವುದು ಸೂಪಿನಲ್ಲಿ. ಬೀಟ್‌ರೂಟಿನ ಬೋರ್ಷ್, ಎಲೆಕೋಸಿನ ಶ್ಚಿ ಎರಡಕ್ಕೂ ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರೇ ಆಧಾರ. ನಮ್ಮಲ್ಲಿ ರಷ್ಯನ್ ಸಲಾಡ್ ಎನ್ನುವ ‘ಅಲಿವ್ಯೆ’ಯಲ್ಲಿ ಅಲ್ಲಿ ಸಾಸೇಜ್ ಅಥವಾ ಕೋಳಿ ಇರುತ್ತದೆ. ಅದರ ಬದಲು ‘ವಿನೆಗ್ರೆತ್’ ಕೇಳಿ: ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಉಪ್ಪಿನಲ್ಲಿಟ್ಟ ಸೌತೆಯನ್ನು ಎಣ್ಣೆಯಲ್ಲಿ ಕಲಸಿದ್ದು. ಕಡುಬಿನ ಆಕಾರದ ‘ವರೆನಿಕಿ’ಯಲ್ಲಿ ಆಲೂಗಡ್ಡೆಯದನ್ನೇ ಆರಿಸಿ, ಅದನ್ನೇ ಹೋಲುವ ‘ಪೆಲ್ಮೆನಿ’ಯೊಳಗೆ ಇರುವುದು ಮಾಂಸ. ‘ಗ್ರೆಚ್ಕಾ’ ಎಂಬ ಬೇಯಿಸಿದ ಬಕ್‌ವೀಟ್ ಹೊಟ್ಟೆ ತುಂಬಿಸುತ್ತದೆ.

ಎಲ್ಲಕ್ಕಿಂತ ಉಪಯುಕ್ತ ಪದ ‘ಪೋಸ್ತ್ನೊಯೆ’. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಎಂದು ಅರ್ಥ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ (ಕೆಲವು ದಿನ ಮೀನಿಗೆ ಅವಕಾಶವಿದೆ, ಕೇಳಿ ನೋಡಿ). ಮಠಗಳ ಪಕ್ಕದ ಉಪಾಹಾರ ಗೃಹಗಳಲ್ಲಿ ಈ ಪದ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಆಗಸ್ಟ್ 14ರಿಂದ 27ರವರೆಗೆ ಉಪವಾಸದ ಕಾಲವಾದ್ದರಿಂದ ಇನ್ನೂ ಸುಲಭ. ಇಡೀ ದಿನದ ಟೂರಿಗೆ ಹಡಗಿನವರು ಕಟ್ಟಿಕೊಡುವ ಪೊಟ್ಟಣದ ಬಗ್ಗೆ ಹಿಂದಿನ ಸಂಜೆಯೇ ಹೇಳಬೇಕು, ಬೆಳಿಗ್ಗೆ ಹೇಳಿದರೆ ತಡವಾಯಿತು. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ತಂದೆಗೆ 72 ವರ್ಷ, ಮಂಡಿನೋವು. ಯಾವ ಟೂರ್ ಬಿಡಬೇಕು? — ಓದುಗರು, ಮೈಸೂರು

ಮೊದಲ ಕಷ್ಟ ದಕ್ಕೆಯಲ್ಲೇ. ಮೂರು ನಾಲ್ಕು ಹಡಗುಗಳು ಪಕ್ಕಪಕ್ಕದಲ್ಲಿ ನಿಲ್ಲುವುದರಿಂದ ಒಂದರೊಳಗಿಂದ ಇನ್ನೊಂದಕ್ಕೆ ದಾಟಿ ಹೋಗಬೇಕು. ಹೊಸ್ತಿಲುಗಳ ಎತ್ತರ ಒಂದೇ ಸಮ ಇರುವುದಿಲ್ಲ, ಊರುಗೋಲು ಬೇಕು. ನೂಕುನುಗ್ಗಲು ಕಡಿಮೆಯಾದ ಮೇಲೆ ಕೊನೆಯಲ್ಲಿ ಇಳಿಯಿರಿ. ಸೇಂಟ್ ಐಸಾಕ್ ಕೆಥೆಡ್ರಲ್‌ನ ಮೇಲಿನ ಕಂಬಸಾಲಿಗೆ 262 ಮೆಟ್ಟಿಲು, ಅದನ್ನು ಬಿಡಿ. ವಾಲಾಮ್ ದ್ವೀಪದಲ್ಲೂ ಏರುದಾರಿ, ಮೆಟ್ಟಿಲು ಹೆಚ್ಚು.

ಕಿಝಿ ದ್ವೀಪವನ್ನು ಮಾತ್ರ ಬಿಡಬೇಡಿ. 1714ರ ಮರದ ಚರ್ಚು, 22 ಗುಮ್ಮಟ, 37 ಮೀಟರ್ ಎತ್ತರ. ದಾರಿ ಬಹುಮಟ್ಟಿಗೆ ಸಮತಟ್ಟು. ಮೊಳೆಯೇ ಇಲ್ಲದೆ ಕಟ್ಟಿದ್ದು ಎಂದು ಹೇಳುವುದುಂಟು. ಗೋಡೆಯ ದಿಮ್ಮಿಗಳ ಮಟ್ಟಿಗೆ ಅದು ಸರಿ, ಗುಮ್ಮಟಕ್ಕೆ ಹೊದಿಸಿದ ಆಸ್ಪೆನ್ ಮರದ ಹಲಗೆಚೂರುಗಳನ್ನು ಮೊಳೆ ಹೊಡೆದೇ ಕೂರಿಸಿದ್ದಾರೆ. ಹುಲ್ಲಿನಲ್ಲಿ ವಿಷದ ಹಾವುಗಳಿರುವುದರಿಂದ ಕಾಲುದಾರಿ ಬಿಡಬಾರದು. ಅಲ್ಲಿ ಗಾಳಿ ಜೋರು, ಜುಲೈನಲ್ಲೂ ಸ್ವೆಟರ್ ಮೇಲೆ ಮಳೆಕೋಟು ಬೇಕು. ಛತ್ರಿ ನಿಲ್ಲುವುದಿಲ್ಲ.

ಮಠಗಳಲ್ಲಿ ಹೆಂಗಸರು ತಲೆಗೆ ಬಟ್ಟೆ ಹೊದ್ದಿರಬೇಕು. ಗಂಡಸರು ಟೋಪಿ ತೆಗೆಯಬೇಕು, ಚಡ್ಡಿಯಲ್ಲಿ ಹೋಗಬಾರದು. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ.

ಗುಂಪು ತಪ್ಪಿಹೋದರೆ? — ಓದುಗರು, ಶಿವಮೊಗ್ಗ

ಗೈಡ್ ಹಿಡಿದ ಫಲಕದ ಸಂಖ್ಯೆ, ಬಸ್ಸಿನ ನಂಬರ್ ಪ್ಲೇಟ್, ಹಡಗಿನ ಹೆಸರು, ದಕ್ಕೆಯ ವಿಳಾಸ: ನಾಲ್ಕನ್ನೂ ಇಳಿಯುವಾಗಲೇ ಫೋಟೊ ತೆಗೆಯಿರಿ, ಹಡಗಿನ ಹೆಸರು ಮತ್ತು ವಿಳಾಸವನ್ನು ರಷ್ಯನ್‌ನಲ್ಲಿ ಕಾಗದದ ಮೇಲೂ ಇಟ್ಟುಕೊಳ್ಳಿ. ಮೊಬೈಲ್ ಇಂಟರ್ನೆಟ್ ಆಗಾಗ ಕಡಿತವಾಗುತ್ತದೆ, ಆಗ ಮ್ಯಾಪೂ ಇಲ್ಲ, ಟ್ಯಾಕ್ಸಿ ಆ್ಯಪೂ ಇಲ್ಲ. ಗೈಡ್ ಮಾತು ಕೇಳಿಸುವ ಕಿವಿಯಂತ್ರದಲ್ಲಿ ಗರಗರ ಶುರುವಾದರೆ ನೀವು ದೂರವಾಗುತ್ತಿದ್ದೀರಿ ಎಂದರ್ಥ, ಫೋಟೊ ಬಿಟ್ಟು ಗುಂಪು ಸೇರಿ. ಆದರೂ ತಪ್ಪಿದರೆ ಹುಡುಕುತ್ತ ಅಲೆಯಬೇಡಿ. ಕೊನೆಗೆ ಗೈಡ್ ನಿಂತಿದ್ದ ಜಾಗದಲ್ಲಿ ಹತ್ತು ನಿಮಿಷ ಕಾದು, ಆಮೇಲೆ ಬಸ್ ನಿಲ್ಲುವಲ್ಲಿಗೆ ಹೋಗಿ. ಪೀಟರ್ಸ್‌ಬರ್ಗ್ ಮೆಟ್ರೊ ಪ್ರಯಾಣಕ್ಕೆ ನಗದು ಕೊಟ್ಟು ಟಿಕೆಟ್ ಪಡೆಯಬಹುದು. ರಾತ್ರಿ ಒಂದರ ನಂತರ ನೆವಾ ನದಿಯ ಸೇತುವೆಗಳನ್ನು ಹಡಗುಗಳಿಗಾಗಿ ಎತ್ತುತ್ತಾರೆ. ಅದನ್ನು ನೋಡಲು ಹೋಗುವವರು ತಮ್ಮ ಹಡಗು ಇರುವ ದಡದಲ್ಲೇ ನಿಂತು ನೋಡಬೇಕು.

ನಮ್ಮೂರಿಗೆ ಬಂದಿದ್ದ ನಿಕಿತಿನ್‌ನ ಊರು ದಾರಿಯಲ್ಲಿ ಸಿಗುತ್ತದೆಯೇ? — ಓದುಗರು, ಬೀದರ್

ಸಾಮಾನ್ಯ ಮಾರ್ಗದಲ್ಲಿ ಸಿಗುವುದಿಲ್ಲ. ಮಾಸ್ಕೋ ಕಾಲುವೆ ದುಬ್ನಾದಲ್ಲಿ ವೋಲ್ಗಾ ಸೇರಿದ ಮೇಲೆ ಹಡಗು ಉಗ್ಲಿಚ್ ಕಡೆಗೆ ಹೊಳೆಯ ಇಳಿಮುಖವಾಗಿ ಸಾಗುತ್ತದೆ. ಅಫನಾಸಿ ನಿಕಿತಿನ್‌ನ ಊರಾದ ತ್ವೇರ್ ಇರುವುದು ಮೇಲ್ಮುಖದಲ್ಲಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿನ ಮೆರವಣಿಗೆ, ಆನೆಗಳನ್ನು ಕಂಡು ಬರೆದಿಟ್ಟ ಆ ವ್ಯಾಪಾರಿ ಮರಳಿ ತನ್ನೂರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಕ್ರೂಸಿಗೆ ಒಂದು ದಿನ ಮುಂಚೆ ಮಾಸ್ಕೋ ತಲುಪಿದರೆ ಲೆನಿನ್‌ಗ್ರಾದ್ಸ್ಕಿ ನಿಲ್ದಾಣದಿಂದ ‘ಲಾಸ್ತಚ್ಕಾ’ ರೈಲಿನಲ್ಲಿ ಎರಡು ಗಂಟೆಯೊಳಗೆ ತ್ವೇರ್ ಸೇರಬಹುದು. 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ರೈಲು ನಿಲ್ದಾಣದ ಬದಿಯಲ್ಲಿಲ್ಲ, ವೋಲ್ಗಾ ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು. ಮರಳುವ ಟಿಕೆಟನ್ನು ಬೆಳಿಗ್ಗೆಯೇ ನಗದು ಕೊಟ್ಟು ಕೌಂಟರಿನಲ್ಲಿ ತೆಗೆದಿಟ್ಟುಕೊಳ್ಳಿ.