ಪರ್ಸನಲ್ ಟ್ರೈನರ್‌ಗೆ ಬೇಕಿರುವುದು 12 ಜನ, ಅದೂ ಮೂರು ಕಿಲೋಮೀಟರ್ ಒಳಗೆ

ನಿಮ್ಮ ಪ್ರಶ್ನೆ ಇದು: ಜಿಮ್ ಕೆಲಸ ಬಿಟ್ಟು ಬೆಂಗಳೂರಿನ ವಿಜಯನಗರದಲ್ಲಿ ಸ್ವಂತವಾಗಿ ಪರ್ಸನಲ್ ಟ್ರೈನಿಂಗ್ ಶುರು ಮಾಡಿದ್ದೀರಿ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದುಡ್ಡು ಹಾಕಿದ್ದೀರಿ. "ರೇಟ್ ಎಷ್ಟು?" ಅಂತ ಮೆಸೇಜ್ ಬರುತ್ತವೆ, ಸೇರುವವರು ಮಾತ್ರ ಇಲ್ಲ. ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ.

ಫಾಲೋವರ್ಸ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಇದೇ ಕೆಲಸದಲ್ಲಿದ್ದೇನೆ, ಬಸವನಗುಡಿ, ಬನಶಂಕರಿ ಕಡೆ. ಮೊದಲು ಒಂದು ಲೆಕ್ಕ ಹಾಕೋಣ. ಮನೆಗೆ ಹೋಗಿ ಹೇಳಿಕೊಡುವವರಿಗೆ ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ಸಂಜೆ ಐದರಿಂದ ಒಂಬತ್ತು, ಇಷ್ಟೇ ಹೊತ್ತು. ಸೆಷನ್ ಒಂದು ಗಂಟೆ, ನಡುವೆ ಓಡಾಟ. ಬೆಳಿಗ್ಗೆ ಮೂರು, ಸಂಜೆ ಮೂರು, ದಿನಕ್ಕೆ ಆರು. ವಾರಕ್ಕೆ ಆರು ದಿನ ಅಂದರೆ 36 ಸೆಷನ್. ಒಬ್ಬೊಬ್ಬರಿಗೆ ವಾರಕ್ಕೆ ಮೂರು ದಿನ ಅಂತ ಹಿಡಿದರೆ 12 ಜನ. ಅಲ್ಲಿಗೆ ನಿಮ್ಮ ವಾರ ಭರ್ತಿ. ಹದಿಮೂರನೆಯವರಿಗೆ ಜಾಗವೇ ಇಲ್ಲ.

12 ಜನ ಸಿಗಬೇಕಾದರೆ ಹತ್ತು ಸಾವಿರ ಫಾಲೋವರ್ಸ್ ಯಾಕೆ ಬೇಕು ಹೇಳಿ. ಬೇಕಿರುವುದು ಹತ್ತಿರದ ಜನ. ಬೆಂಗಳೂರಿನ ಟ್ರಾಫಿಕ್ ನಿಮಗೆ ಗೊತ್ತಿಲ್ಲದ್ದೇನಲ್ಲ. ವಿಜಯನಗರದಲ್ಲಿ ಕೂತು ಮಾರತ್ತಹಳ್ಳಿಯ ಒಬ್ಬರನ್ನು ಒಪ್ಪಿಕೊಂಡರೆ ಸಂಜೆಯ ಮೂರು ಸ್ಲಾಟ್‌ನಲ್ಲಿ ಎರಡು ರಸ್ತೆಯಲ್ಲೇ ಹೋಗುತ್ತೆ.

ನಿಮ್ಮ ಜಾಹೀರಾತಿನ ತೊಂದರೆಯೂ ಬಹುಶಃ ಇಲ್ಲೇ ಇದೆ. ಜಾಗ ಅಂತ ಕೇಳಿದ ಕಡೆ ಇಡೀ ಬೆಂಗಳೂರು ಹಾಕಿದ್ದೀರಾ ನೋಡಿ. ಅದನ್ನು ತೆಗೆದು ಮ್ಯಾಪ್‌ನಲ್ಲಿ ನಿಮ್ಮ ಮನೆಯ ಮೇಲೆ ಪಿನ್ ಇಟ್ಟು ಸುತ್ತ ಮೂರು ಕಿಲೋಮೀಟರ್ ಅಂತ ಕೊಡಿ. ಜಾಹೀರಾತಿನಲ್ಲೇ ಏರಿಯಾ ಹೆಸರು ಬರೆಯಿರಿ: ಹಂಪಿನಗರ, ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ಗೋವಿಂದರಾಜನಗರ. ತಮ್ಮ ಬಡಾವಣೆಯ ಹೆಸರು ಕಂಡರೆ ಜನ ನಿಂತು ಓದುತ್ತಾರೆ. ಕನ್ನಡದಲ್ಲಿ ಬರೆಯಿರಿ. ನಮ್ಮ ಕಡೆ ಫಿಟ್‌ನೆಸ್ ಜಾಹೀರಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಅದು ತಮಗಲ್ಲ ಅಂತ ಅಂದುಕೊಂಡು ಸುಮ್ನೆ ಮುಂದೆ ಹೋಗುವವರು ಎಷ್ಟೋ ಜನ.

ಇನ್ನು ಯಾರಿಗೆ ಹೇಳಿಕೊಡಬೇಕು ಅನ್ನೋದು. "ತೂಕ ಇಳಿಸುತ್ತೇವೆ, ಸಿಕ್ಸ್ ಪ್ಯಾಕ್ ಮಾಡಿಸುತ್ತೇವೆ" ಅಂತ ಎಲ್ಲರನ್ನೂ ಕರೆಯಬೇಡಿ. ಇಪ್ಪತ್ತೈದರ ಹುಡುಗರಿಗೆ ಬೀದಿಗೊಂದು ಜಿಮ್ ಇದೆ. ಊರೂರಲ್ಲಿ ಜಿಮ್ ನಡೆಸುವ ಕಲ್ಟ್‌ಫಿಟ್ ಕಂಪನಿ 2016ರಲ್ಲಿ ಶುರುವಾದದ್ದೇ ನಮ್ಮ ಊರಲ್ಲಿ. ಅಷ್ಟು ದೊಡ್ಡವರ ಜೊತೆ ದರದಲ್ಲಿ ಪೈಪೋಟಿಗೆ ಇಳಿದರೆ ನಾವು ಉಳಿಯಲ್ಲ. ಜಿಮ್ ಬಾಗಿಲು ತುಳಿಯಲು ಹಿಂಜರಿಯುವವರು ನಮ್ಮ ಜನ. ನಿಮ್ಮ ಏರಿಯಾಗೆ ನನ್ನ ಆಯ್ಕೆ ಐವತ್ತು ದಾಟಿದವರು. ವಿಜಯನಗರ ಹಳೆಯ ಬಡಾವಣೆ. ಸ್ವಂತ ಮನೆ ಕಟ್ಟಿಕೊಂಡು ನಿವೃತ್ತರಾದವರು ಬೇಕಾದಷ್ಟಿದ್ದಾರೆ. ಮಂಡಿ ನೋವು, ಬಿ.ಪಿ., ಶುಗರ್ ಇದೆ. ದುಡ್ಡು ಕೊಡಲು ಮಕ್ಕಳು ತಯಾರಿದ್ದಾರೆ.

ಇವರೆಲ್ಲ ಹೇಳುವ ಮೊದಲ ಮಾತು, "ನಾನು ದಿನಾ ವಾಕಿಂಗ್ ಹೋಗ್ತೀನಲ್ಲ, ಸಾಕು." ಬೆಳಿಗ್ಗೆ ಕೃಷ್ಣರಾವ್ ಪಾರ್ಕ್‌ಗೋ ಲಾಲ್‌ಬಾಗ್‌ಗೋ ಹೋದರೆ ಈ ಮಾತು ಹೇಳುವವರು ಸಾಲಾಗಿ ನಡೆಯುತ್ತಿರುತ್ತಾರೆ. ನಡೆಯೋದು ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. 65 ದಾಟಿದವರಿಗೆ ಬೀಳದಂತೆ ಬ್ಯಾಲೆನ್ಸ್ ಮತ್ತು ಬಲದ ಅಭ್ಯಾಸ ವಾರಕ್ಕೆ ಮೂರು ದಿನ. ವಾಕಿಂಗ್‌ನಲ್ಲಿ ಸಿಗದ ಆ ಅರ್ಧ ಭಾಗವನ್ನು ನೀವು ಕೊಡುತ್ತೀರಿ. ಇದನ್ನು ಎರಡು ವಾಕ್ಯದಲ್ಲಿ ಹೇಳಲು ಕಲಿತರೆ ನಿಮ್ಮ ಜಾಹೀರಾತು ಬರೆದಂತೆಯೇ.

ನನಗೆ ಅತಿ ಹೆಚ್ಚು ಕೆಲಸ ತಂದುಕೊಟ್ಟದ್ದು ಟ್ರಯಲ್ ಸೆಷನ್. ಅದನ್ನು ಹೇಗೆ ಮಾಡುತ್ತೇನೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬನಶಂಕರಿಯ ಒಂದು ಮನೆ, ಅತ್ತೆಗೋಸ್ಕರ ಸೊಸೆ ಫೋನ್ ಮಾಡಿದ್ದರು. ಹೋದಾಗ ಆ ಅಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. "ಏನಪ್ಪಾ, ತೂಕ ನೋಡಲ್ವಾ?" ಅಂದರು. "ಬೇಡ ಅಮ್ಮಾ, ಊಟದ ಮೇಜಿನ ಕುರ್ಚಿ ಒಂದು ಕೊಡಿ ಸಾಕು" ಅಂದೆ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟೆ. ಕೈ ಎದೆಗೆ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಅಂದೆ. ವಯಸ್ಸಾದವರ ಕಾಲಿನ ಬಲ ನೋಡಲು ಎಲ್ಲ ಕಡೆ ಬಳಸುವ ಪರೀಕ್ಷೆ ಇದು. ಏಳು ಸಲ ಆಯಿತು. ಎಂಟನೆಯದಕ್ಕೆ ಕೈ ತಾನಾಗಿ ತೊಡೆ ಮೇಲೆ ಹೋಯಿತು. ಒಂದು ಚೀಟಿಯಲ್ಲಿ ತಾರೀಕು, ಪಕ್ಕದಲ್ಲಿ 7 ಅಂತ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಬಂದೆ. ಎರಡು ತಿಂಗಳ ನಂತರ ಅದರ ಕೆಳಗೆ 12 ಅಂತ ಅವರೇ ಬರೆದರು. ಸೊಸೆ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಅದೇ ವಾರ ಅವರ ನಾದಿನಿಯಿಂದ ಕರೆ ಬಂತು, ಎದುರು ಮನೆಯವರಿಂದಲೂ ಬಂತು.

ತೂಕ ದಿನಕ್ಕೊಂದು ತೋರಿಸುತ್ತೆ. ಕುರ್ಚಿಯಿಂದ ಏಳುವ ಲೆಕ್ಕ ಹಾಗಲ್ಲ, ಮೈಗೇ ಗೊತ್ತಾಗುತ್ತೆ. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತೆ. ಅದಕ್ಕೇ ಜನ ಅದನ್ನು ಇನ್ನೊಬ್ಬರ ಹತ್ತಿರ ಹೇಳಿಕೊಳ್ಳುತ್ತಾರೆ. ಅಂದ ಹಾಗೆ, ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರ ಡಾಕ್ಟರ್ ಒಪ್ಪಿಗೆ ಇಲ್ಲದೆ ಟ್ರಯಲ್ ಕೂಡ ಮಾಡಿಸಬೇಡಿ.

"ರೇಟ್ ಎಷ್ಟು?" ಅಂತ ಮೆಸೇಜ್ ಬಂದಾಗ ಬರೀ ಅಂಕಿ ಕಳಿಸಿದರೆ ಮಾತು ಅಲ್ಲಿಗೇ ಮುಗಿಯುತ್ತೆ. ಹತ್ತು ನಿಮಿಷದೊಳಗೆ ಫೋನ್ ಮಾಡಿ. ಮನೆ ಎಲ್ಲಿ, ಯಾವ ಹೊತ್ತು ಬಿಡುವು, ಏನು ತೊಂದರೆ ಅಂತ ಕೇಳಿ. ಆಮೇಲೆ ಅದೇ ಕರೆಯಲ್ಲಿ ದರ ನೇರವಾಗಿ ಹೇಳಿಬಿಡಿ. "ಬಂದು ಮಾತಾಡೋಣ" ಅಂತ ದರ ಮುಚ್ಚಿಡುವುದು ನನಗೆ ಸರಿ ಕಾಣಲ್ಲ, ಜನರಿಗೂ ಸಿಟ್ಟು ಬರುತ್ತೆ. ಟ್ರಯಲ್‌ಗೆ ಸ್ವಲ್ಪ ದುಡ್ಡು ತೆಗೆದುಕೊಳ್ಳಿ. ಸೇರಿದರೆ ಅದನ್ನು ಮೊದಲ ತಿಂಗಳಲ್ಲಿ ಕಳೆಯಿರಿ. ಪೂರ್ತಿ ಉಚಿತ ಅಂದರೆ ಆ ಬೆಳಿಗ್ಗೆ ಎದ್ದು ಬಾಗಿಲು ತೆಗೆಯದವರೂ ಇರುತ್ತಾರೆ.

ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಹುಡುಕುವವರಿಗೆ ನೀವು ಕಾಣಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು. ಇನ್ನೂ ಮಾಡಿಲ್ಲದಿದ್ದರೆ ಇವತ್ತೇ ಮಾಡಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮನೆ ವಿಳಾಸ ಕಾಣದ ಹಾಗೆ ಇಟ್ಟು, ಸೇವೆ ಕೊಡುವ ಏರಿಯಾಗಳನ್ನು ಮಾತ್ರ ತೋರಿಸಬಹುದು. ರಿವ್ಯೂ ಕೇಳಲು ಒಂದು ಹೊತ್ತು ಇದೆ: ಕ್ಲೈಂಟ್ ತಾವಾಗಿ "ಈಗ ಆರಾಮಾಗಿದೆ ಕಣ್ರೀ" ಅಂದ ದಿನ. ಆಗಲೇ ಲಿಂಕ್ ಕಳಿಸಿ, "ಈಗ ಹೇಳಿದ್ದನ್ನೇ ಕನ್ನಡದಲ್ಲಿ ಬರೆಯಿರಿ" ಅನ್ನಿ. ರಿವ್ಯೂ ಬರೆದರೆ ಡಿಸ್ಕೌಂಟ್ ಅಂತ ಮಾತ್ರ ಹೇಳಬೇಡಿ, ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ.

ವಾಟ್ಸಾಪ್‌ನಲ್ಲಿ ಗೊತ್ತಿರಬೇಕಾದ ಒಂದು ಸಂಗತಿ: ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಹಾಗಾಗಿ ಮೊದಲ ಭೇಟಿಯಲ್ಲೇ ನಂಬರ್ ಸೇವ್ ಮಾಡಿಸಿ.

ಹತ್ತಿರದ ಫಿಸಿಯೋಥೆರಪಿಸ್ಟ್‌ಗಳನ್ನು ಹೋಗಿ ಕಾಣಿ. ಅವರ ಚಿಕಿತ್ಸೆ ಮುಗಿದ ಮೇಲೆ ವ್ಯಾಯಾಮ ಮುಂದುವರಿಸಬೇಕಾದವರು ಮನೆಗೆ ಹೋಗಿ ಬಿಟ್ಟುಬಿಡುತ್ತಾರೆ. ಆ ಕೊರಗು ಫಿಸಿಯೋಥೆರಪಿಸ್ಟ್‌ಗಳಿಗೂ ಇದೆ. ಕಮಿಷನ್ ಮಾತು ಎತ್ತಬೇಡಿ. ಅವರು ಕಳಿಸಿದವರಿಗೆ ಏನು ಮಾಡಿಸಿದಿರಿ ಅಂತ ತಿಂಗಳಿಗೊಮ್ಮೆ ಅರ್ಧ ಪುಟ ಬರೆದು ಕೊಡಿ. ಇಷ್ಟು ಮಾಡುವವರು ಕಡಿಮೆ. ಅಪಾರ್ಟ್‌ಮೆಂಟ್ ಆದರೆ ಗೇಟಿನಲ್ಲಿ ಪಾಂಪ್ಲೆಟ್ ಹಂಚುವ ಬದಲು ಅಸೋಸಿಯೇಶನ್ ಸೆಕ್ರೆಟರಿಯನ್ನು ಕೇಳಿ, ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸ್‌ನಲ್ಲಿ ಆ ಕುರ್ಚಿ ಪರೀಕ್ಷೆಯನ್ನೇ ಮಾಡಿಸಿ. ಪಾರ್ಕ್‌ನಲ್ಲಿ ಕ್ಲಾಸ್ ಮಾಡೋದಾದರೆ ಮೊದಲು ಅನುಮತಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಗೆ ಸೇರಿದ್ದು.

ಒಂದು ವಿಷಯದಲ್ಲಿ ನಾನು ತುಂಬಾ ಖಡಕ್. "ಶುಗರ್ ವಾಸಿ ಮಾಡುತ್ತೇವೆ" ಅಂತ ಎಲ್ಲೂ ಬರೆಯಬೇಡಿ. ಪುಡಿ, ಡಬ್ಬಿ ಮಾರಲು ಹೋಗಲೇಬೇಡಿ. ಔಷಧ ಜಾಹೀರಾತಿನ 1954ರ ಕಾಯ್ದೆಯ ಪಟ್ಟಿಯಲ್ಲಿ ಡಯಾಬಿಟಿಸ್, ಬೊಜ್ಜು, ಬಿ.ಪಿ. ಎಲ್ಲ ಇವೆ. ಇದು ವಾಸಿ ಮಾಡುತ್ತೆ ಅಂತ ಏನನ್ನೋ ಜಾಹೀರಾತು ಕೊಟ್ಟು ಮಾರುವುದು ಅಪರಾಧ. ಕಾನೂನು ಬಿಡಿ, ನಿಮ್ಮ ಮಾತು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಏನು ಗತಿ? ಕ್ಲೈಂಟ್‌ಗಳ ಮೊದಲಿನ ಮತ್ತು ನಂತರದ ಫೋಟೊ ಹಾಕುವಾಗಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬೇಡ ಅಂದವರನ್ನು ಎರಡನೇ ಸಲ ಕೇಳಬೇಡಿ.

ಖಾಲಿ ತಿಂಗಳಿಗೂ ತಯಾರಾಗಿರಿ. ಜನವರಿಯಲ್ಲಿ ಎಲ್ಲರೂ ಬರುತ್ತಾರೆ. ಏಪ್ರಿಲ್, ಮೇನಲ್ಲಿ ಮೊಮ್ಮಕ್ಕಳ ರಜೆ, ಊರು, ಮದುವೆ ಅಂತ ಅರ್ಧ ಜನ ಇರಲ್ಲ. ಆದರೆ ಅದೇ ಹೊತ್ತಿಗೆ ಟಿಸಿಎಸ್ ವರ್ಲ್ಡ್ 10ಕೆ ಅನ್ನೋ ಹತ್ತು ಕಿಲೋಮೀಟರ್ ಓಟ ಇರುತ್ತೆ, 2008ರಿಂದ ಇಲ್ಲಿ ನಡೆಯುತ್ತಿದೆ. ಫೆಬ್ರವರಿಯಲ್ಲೇ ನಿಮ್ಮ ಕಡೆಯ ಓಟದ ಗುಂಪುಗಳನ್ನು ಹುಡುಕಿ ಕಾಲಿನ ಬಲಕ್ಕೆ ಎಂಟು ವಾರದ ಕ್ಲಾಸ್ ಅಂತ ಹೇಳಿಡಿ.

ಲೋಗೊ, ವೆಬ್‌ಸೈಟ್, ಹೆಸರು ಹಾಕಿದ ಟೀ ಶರ್ಟ್ ಎಲ್ಲ 12 ಜನ ಭರ್ತಿಯಾದ ಮೇಲೆ ನೋಡಿಕೊಳ್ಳಿ. ಈಗ ನಡೆಯುತ್ತಿರುವ ಜಾಹೀರಾತನ್ನು ನಿಲ್ಲಿಸಿ, ಮೂರು ಕಿಲೋಮೀಟರ್ ಹಾಕಿ ಮತ್ತೆ ಬಿಡಿ. ಎರಡು ವಾರ ಬಿಟ್ಟು, ಬಂದ ಕರೆಗಳಲ್ಲಿ ಎಷ್ಟು ಜನ ಟ್ರಯಲ್‌ಗೆ ಒಪ್ಪಿದರು ಅಂತ ಇಲ್ಲೇ ಬರೆಯಿರಿ. ಮುಂದೇನು ಅಂತ ಆಮೇಲೆ ನೋಡೋಣ.