‘ಕಡಲಾಳದ ಚಿರನಿದ್ರೆ’ ಲೇಖನದ ಬಗ್ಗೆ

ಪ್ರಿಯ ಬರಹಗಾರರೇ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ. ವಿಷಯ ಮಾತ್ರ ಬಿಟ್ಟುಕೊಡುವಂಥದ್ದಲ್ಲ. ಮುಳುಗಿ ನೂರಾರು ವರ್ಷವಾದ ಹಡಗುಗಳಿಗೆ ಬಿರುಗಾಳಿ ಏನು ಮಾಡುತ್ತದೆ ಎಂದು ಯೋಚಿಸಿದ್ದೀರಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಎರಡು ಪುಟ ತೆಗೆದುಬಿಡಿ. ‘ರುದ್ರರಮಣೀಯ ಸಾಗರ’, ‘ಕಾಲನ ತಣ್ಣನೆಯ ಮಡಿಲು’ ಎಂದೆಲ್ಲ ಕಡಲು ನೋಡದವರೂ ಬರೆಯಬಹುದು. ಟೈಟಾನಿಕ್ ಕೂಡ ಹೋಗಲಿ. ಅದಿರುವುದು ಸುಮಾರು 3,800 ಮೀಟರ್ ಆಳದಲ್ಲಿ. ಮೇಲೆ ಎಂಥ ಗಾಳಿ ಎದ್ದರೂ ಅಲೆ ಅಲ್ಲಿಗೆ ಮುಟ್ಟದು. ಈ ಲೇಖನಕ್ಕೆ ಅದು ಕರೆಯದೆ ಬಂದ ನೆಂಟ.

ಮೂರನೇ ಪುಟದಲ್ಲಿ ‘ಹತ್ತು ಮೀಟರ್ ಕೆಳಗೆ ಕಡಲು ಸದಾ ಶಾಂತ’ ಎಂದಿದ್ದೀರಿ. ತಪ್ಪು. ಅಲೆಯ ಅಲುಗಾಟ ಅದರ ಉದ್ದದ ಅರ್ಧದಷ್ಟು ಆಳಕ್ಕೆ ಇಳಿಯುತ್ತದೆ. 12 ಸೆಕೆಂಡಿಗೊಂದರಂತೆ ಬರುವ ಅಲೆಗಳಿದ್ದರೆ, ಆಳ ಕಡಲಿನಲ್ಲಿ ಒಂದರ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು 225 ಮೀಟರ್. ಅಂದಮೇಲೆ 30 ಮೀಟರ್ ಆಳದ ತಳದಲ್ಲಿ ನೀರು ಹಿಂದಕ್ಕೂ ಮುಂದಕ್ಕೂ ಎಷ್ಟು ಜೋರಾಗಿ ಜಗ್ಗೀತು, ನೀವೇ ಲೆಕ್ಕ ಹಾಕಿ. ಹಾಕಿದರೆ ಅರ್ಧ ವಿಶೇಷಣಗಳು ತಾವಾಗಿ ಉದುರುತ್ತವೆ.

ಇನ್ನು ಮುಖ್ಯ ತಕರಾರು. ನಿಮ್ಮಲ್ಲಿ ಬಿರುಗಾಳಿ ಬರುತ್ತದೆ, ಹಡಗು ಒಡೆಯುತ್ತದೆ, ಕಥೆ ಮುಗಿಯುತ್ತದೆ. ಒಡೆಯುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ದೊಡ್ಡ ಕೇಡು ಶುರುವಾಗುವುದು ಗಾಳಿ ನಿಂತ ಮೇಲೆ, ಹಡಗನ್ನು ಮುಚ್ಚಿದ್ದ ಹೊದಿಕೆ ಕಿತ್ತುಹೋದ ಕಾರಣಕ್ಕೆ. ಹೂಳಿನೊಳಗೆ ಆಮ್ಲಜನಕವಿಲ್ಲ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕದು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ನೋಡಿ: ಹೂಳಿನಲ್ಲಿ ಹುದುಗಿದ್ದ ಮಗ್ಗುಲು 1982ರಲ್ಲಿ ಮೇಲೆತ್ತಲು ಸಿಕ್ಕಿತು, ನೀರಿಗೆ ತೆರೆದುಕೊಂಡಿದ್ದ ಮಗ್ಗುಲು ಎಂದೋ ಹೇಳಹೆಸರಿಲ್ಲದಂತೆ ಹೋಗಿತ್ತು. ಬಿರುಗಾಳಿ ಒಂದೇ ರಾತ್ರಿಯಲ್ಲಿ ಮರಳು ಬಗೆದಿಟ್ಟರೆ ಆಮೇಲಿನ ಕೆಲಸ ಹುಳುವಿನದು, ಅದಕ್ಕೆ ಅವಸರವಿಲ್ಲ. ಕಬ್ಬಿಣದ ಹಡಗಿಗೆ ತುಕ್ಕು, ಸುಣ್ಣ, ಚಿಪ್ಪು, ಹವಳ ಸೇರಿ ಕಟ್ಟಿದ ಹಕ್ಕಳೆಯೇ ಹೊದಿಕೆ. ಗಾಯದ ಹಕ್ಕಳೆ ಕಿತ್ತಂತೆ ಅದು ಎದ್ದುಬಂದರೆ ಹಸಿ ಲೋಹ ಉಪ್ಪುನೀರಿಗೆ ಬೀಳುತ್ತದೆ, ತುಕ್ಕು ಮತ್ತೆ ಚುರುಕಾಗುತ್ತದೆ.

ಇದನ್ನು ಹೇಳಲು ನಿಮ್ಮ ಲೇಖನದಲ್ಲಿರುವ 17 ಹಡಗು ಯಾಕೆ? ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಯೊಂಗಾಲಾ ಸಾಕು. 1911ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಹಡಗಿನಲ್ಲಿ ನಿಸ್ತಂತು ಯಂತ್ರ ಇರಲಿಲ್ಲ, ಎಚ್ಚರಿಕೆ ತಲುಪಲಿಲ್ಲ. 122 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಮೈತುಂಬ ಹವಳ ಬೆಳೆಸಿಕೊಂಡು 30 ಮೀಟರ್ ಆಸುಪಾಸಿನ ನೀರಿನಲ್ಲಿ ಮಲಗಿತ್ತು. ನೂರು ವರ್ಷ ತುಂಬಲು ಒಂದೂವರೆ ತಿಂಗಳಷ್ಟೇ ಬಾಕಿ ಇದ್ದಾಗ, 2011ರ ಫೆಬ್ರವರಿಯಲ್ಲಿ, ಯಾಸಿ ಚಂಡಮಾರುತ ಬಂದು ಆ ಹವಳವನ್ನು ಕೆರೆದುಹಾಕಿತು. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಟೈಟಾನಿಕ್ ಹಿಂದೆ ಹೋದಿರಲ್ಲ!

ಸ್ಪೀಗಲ್ ಗ್ರೋವ್ ಬೇಕಿದ್ದರೆ ಉಳಿಸಿಕೊಳ್ಳಿ. ಮಗ್ಗುಲಾಗಿ ಬಿದ್ದಿದ್ದ 155 ಮೀಟರ್ ಉದ್ದದ ಹಡಗನ್ನು 2005ರಲ್ಲಿ ಡೆನ್ನಿಸ್ ಚಂಡಮಾರುತ ನೆಟ್ಟಗೆ ಕೂರಿಸಿತು ಎಂದರೆ ಓದುಗ ಪುಟ ತಿರುಗಿಸುವುದಿಲ್ಲ. ಆದರೆ ಅದು ಅಪಘಾತದಲ್ಲಿ ಮುಳುಗಿದ್ದಲ್ಲ, 2002ರಲ್ಲಿ ಫ್ಲಾರಿಡಾ ಬಳಿ ಕೃತಕ ಬಂಡೆಸಾಲಿಗೆಂದು ಬೇಕೆಂದೇ ಮುಳುಗಿಸಿದ್ದು. ಅದನ್ನು ಮುಚ್ಚಿಡಬೇಡಿ.

‘ಪರಿಣಾಮ ಬೀರುತ್ತದೆ’ ಎಂಬುದು 14 ಕಡೆ ಇದೆ. ಬಗೆಯಿತೋ, ಮುಚ್ಚಿತೋ, ಹೊರಳಿಸಿತೋ ನಿಖರವಾಗಿ ಹೇಳಿ.

ಪೆನ್ಸಿಲ್ ಗುರುತು ಹಾಕಿದ ಪ್ರತಿ ಜೊತೆಗಿದೆ. 900 ಪದ ಮೀರದಂತೆ ತಿದ್ದಿ ಕಳಿಸಿ. ಆರನೇ ಪುಟದಲ್ಲಿ ‘ಮರಳು ಸರಿದ ಬೆಳಿಗ್ಗೆ ಮೊದಲು ಕಂಡದ್ದು ಪಕ್ಕೆಲುಬು’ ಎಂದು ಬರೆದಿದ್ದೀರಿ; ಅದಕ್ಕೆ ಮಾತ್ರ ಕೈ ಹಚ್ಚಬೇಡಿ.

— ಸಂಪಾದಕ